ಲೇಥ್ ಮುಂದೆ ಕಲಿತದ್ದೂ ಕಾಲೇಜಿನ ಲೆಕ್ಕಕ್ಕೆ ಬರಲಿ

ಮಾನ್ಯರೇ,

ವೃತ್ತಿ ತರಬೇತಿ ಮುಗಿಸಿ ನಾಲ್ಕೈದು ವರ್ಷ ಕೆಲಸ ಮಾಡಿದವರು ಡಿಗ್ರಿ ಓದಬೇಕು ಅಂತ ಹೋದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ‘ನಿಮಗೆ ಅರ್ಹತೆ ಇಲ್ಲ’ ಅಥವಾ ‘ಮೊದಲ ವರ್ಷದಿಂದ ಶುರು ಮಾಡಿ’. ಎರಡನೆಯದು ಪರವಾಗಿಲ್ಲ ಅನಿಸಬಹುದು. ಆದರೆ ಅಲ್ಲಿಯವರೆಗೆ ಕಲಿತದ್ದೆಲ್ಲ ಸೊನ್ನೆ ಅಂತಲೇ ಅದರ ಅರ್ಥ, ಅಲ್ವಾ?

ನಾನು ಲೇಥ್ ಕೆಲಸ, ಅಂದರೆ ಲೋಹವನ್ನು ಯಂತ್ರದಲ್ಲಿ ತಿರುಗಿಸಿ ಹೆರೆದು ಆಕಾರ ಕೊಡುವ ಕೆಲಸ (ಟರ್ನಿಂಗ್), ಹೇಳಿಕೊಡುವವನು. ಅಲ್ಲಿಂದಲೇ ಒಂದು ಮಾತು ಹೇಳುತ್ತೇನೆ. 50 ಮಿಲಿಮೀಟರ್ ವ್ಯಾಸದ ಉಕ್ಕಿನ ಶಾಫ್ಟ್ ಟರ್ನಿಂಗ್ ಮಾಡುವಾಗ ಚೆನ್ನಾಗಿ ಬಿಸಿಯಾಗುತ್ತದೆ. ಹೊಸಬರು ಆ ಬಿಸಿಯಲ್ಲೇ ಮೈಕ್ರೋಮೀಟರ್ ಹಿಡಿದು, ಅಳತೆ ಸರಿಯಿದೆ ಅಂತ ತೆಗೆದಿಡುತ್ತಾರೆ. ತಣ್ಣಗಾದ ಮೇಲೆ ನೋಡಿದರೆ ಶಾಫ್ಟ್ ಸಣ್ಣಗಾಗಿರುತ್ತದೆ, ಬೇರಿಂಗ್ ಬಿಗಿಯಾಗಿ ಕೂರುವುದಿಲ್ಲ. 40 ಡಿಗ್ರಿ ಸೆಲ್ಸಿಯಸ್ ಇಳಿದರೆ ಕುಗ್ಗುವುದು ಸುಮಾರು 0.024 ಮಿಲಿಮೀಟರ್ ಅಷ್ಟೇ. ಮಾಲು ರಿಜೆಕ್ಟ್ ಆಗಲು ಅಷ್ಟು ಸಾಕು. ಪಳಗಿದ ಹುಡುಗ ಅಥವಾ ಹುಡುಗಿ ಕೂಲೆಂಟ್ (ತಂಪು ಮಾಡುವ ದ್ರವ) ಜಾಸ್ತಿ ಬಿಡುತ್ತಾರೆ, ಸ್ವಲ್ಪ ಕಾಯುತ್ತಾರೆ, ತಣ್ಣಗಾದ ಮೇಲೆ ಕೊನೆಯ ಕಟ್ ಕೊಡುತ್ತಾರೆ. ಕಾಲೇಜಿನಲ್ಲಿ ಬೋರ್ಡಿನ ಮೇಲೆ ಬರುವ ಉಷ್ಣ ವಿಸ್ತರಣೆಯ ಪಾಠವೂ ಇದೇ. ಇವರಿಗೆ ಬಾರದಿರುವುದು ಸೂತ್ರ ಬರೆದು, ಅಲ್ಯೂಮಿನಿಯಂ ಆದರೆ ಎಷ್ಟು ಹಿಗ್ಗುತ್ತದೆ ಅಂತ ಲೆಕ್ಕ ಹಾಕುವುದು. ಅದನ್ನು ಕಲಿಯಲೇಬೇಕು, ಒಪ್ಪುತ್ತೇನೆ. ಅದಕ್ಕಾಗಿ ಒಂದು ವರ್ಷ ಪೂರ್ತಿ ಹಿಂದಕ್ಕೆ ಕಳಿಸಬೇಕೆ?

ಹಾಗಂತ ಎಷ್ಟು ವರ್ಷ ದುಡಿದಿದ್ದಾರೆ ಅಂತ ಎಣಿಸಿ ಸೀಟು ಕೊಡಿ ಅನ್ನುತ್ತಿಲ್ಲ. ಹತ್ತು ವರ್ಷ ಒಂದೇ ಗುಂಡಿ ಒತ್ತಿದವರೂ ಇರುತ್ತಾರೆ. ಏನು ಕಲಿತಿದ್ದಾರೆ ಅಂತ ಕೂರಿಸಿ ಕೇಳಬೇಕು, ಮಾಡಿಸಿ ನೋಡಬೇಕು. ಫ್ರಾನ್ಸ್‌ನಲ್ಲಿ 2002ರ ಕಾನೂನಿನಿಂದ ಇದಕ್ಕೆ ದಾರಿಯಾಯಿತು. ಅಭ್ಯರ್ಥಿ ತನ್ನ ಕೆಲಸದ ವಿವರವನ್ನು ಕಡತವಾಗಿ ಬರೆದು ತೀರ್ಪುಗಾರರ ಮುಂದೆ ಕೂರುತ್ತಾನೆ. ಅವರು ಪೂರ್ತಿ ಡಿಪ್ಲೊಮಾ ಕೊಡಬಹುದು, ಭಾಗಶಃ ಕೊಡಬಹುದು, ಇಲ್ಲ ಅಂತಲೂ ಹೇಳಬಹುದು. ಜರ್ಮನಿಯ ರಾಜ್ಯಗಳ ಶಿಕ್ಷಣ ಸಚಿವರು 2009ರಲ್ಲಿ ಮಾಡಿಕೊಂಡ ಒಪ್ಪಂದದ ಮೇಲೆ, ಮಾಸ್ಟರ್ ಕುಶಲಕರ್ಮಿ ಪರೀಕ್ಷೆ ಪಾಸಾದವರು ವಿಶ್ವವಿದ್ಯಾಲಯಕ್ಕೆ ಸೇರಬಹುದು.

ನನಗೆ ಜಾಸ್ತಿ ಹಿಡಿಸಿದ್ದು ಸ್ವಿಟ್ಜರ್ಲೆಂಡಿನ ಪದ್ಧತಿ. ಅಲ್ಲಿ ಶಾಲೆ ಮುಗಿಸಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ವೃತ್ತಿ ತರಬೇತಿಗೆ ಹೋಗುತ್ತಾರೆ. ಅಪ್ರೆಂಟಿಸ್ ಆಗಿರುವಾಗಲೇ, ಇಲ್ಲವೇ ಅದು ಮುಗಿದ ಮೇಲೆ, ಭಾಷೆ ಗಣಿತ ಎಲ್ಲ ಇರುವ ಇನ್ನೊಂದು ಪರೀಕ್ಷೆ ಪಾಸು ಮಾಡಿಕೊಂಡರೆ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ನೇರ ಪ್ರವೇಶ. ತಮಾಷೆ ಏನೆಂದರೆ, ಬರೀ ಪುಸ್ತಕ ಓದಿ ಬಂದ ಸಾಮಾನ್ಯ ಪ್ರೌಢಶಾಲೆಯ ಹುಡುಗರಿಗೆ ಅದೇ ಬಾಗಿಲಲ್ಲಿ ‘ಮೊದಲು ಒಂದು ವರ್ಷ ಕೆಲಸ ಮಾಡಿ ಬನ್ನಿ’ ಅನ್ನುತ್ತಾರೆ! ಕೊರತೆ ಎರಡೂ ಕಡೆ ಇದೆ ಅಂತ ಅವರಿಗೆ ಗೊತ್ತು.

ಆ ಗಣಿತದ ಮಾತು ಸಣ್ಣದಲ್ಲ. ಸುಮ್ನೆ ಸೀಟು ಕೊಟ್ಟು ಕೈತೊಳೆದುಕೊಂಡರೆ ಕೆಲಸದಿಂದ ಬಂದವರು ಮೊದಲ ಸೆಮಿಸ್ಟರ್‌ನ ಕ್ಯಾಲ್ಕುಲಸ್‌ನಲ್ಲೇ ಮುಗ್ಗರಿಸುತ್ತಾರೆ. ಆಮೇಲೆ ‘ನೋಡಿ, ಇವರಿಗೆಲ್ಲ ಓದು ಹತ್ತಲ್ಲ’ ಅನ್ನುವವರು ಸಿದ್ಧರಾಗಿಯೇ ಇರುತ್ತಾರೆ. ಗಣಿತ ಮತ್ತು ವರದಿ ಬರೆಯುವ ಅಭ್ಯಾಸಕ್ಕೆ ಕೆಲವು ತಿಂಗಳ ಸೇತು ತರಗತಿ ತರಬೇತಿಯ ಕೊನೆಯ ವರ್ಷದಲ್ಲೇ ಶುರುವಾಗಬೇಕು. ಲೆಕ್ಕಗಳು ಅವರ ಕೆಲಸದಿಂದಲೇ ಬರಲಿ: ಟೇಪರ್ (ತುದಿಯತ್ತ ಸಣ್ಣಗಾಗುವ ಇಳಿಜಾರು) ಕೋನಕ್ಕೆ ತ್ರಿಕೋನಮಿತಿ, ರಿಜೆಕ್ಟ್ ಆದ ಮಾಲಿನ ಪಟ್ಟಿಗೆ ಸಂಖ್ಯಾಶಾಸ್ತ್ರ. ದಿನದಿನದ ಕೆಲಸ ಬರೆದಿಡುವ ಅಪ್ರೆಂಟಿಸ್ ಡೈರಿಗೆ ಸೂಪರ್‌ವೈಸರ್ ಕಣ್ಣುಮುಚ್ಚಿ ಸಹಿ ಹಾಕುವುದೂ ನಿಲ್ಲಬೇಕು. ಕೆಲಸದಲ್ಲಿ ಕಲಿತದ್ದನ್ನು ಡಿಗ್ರಿಯ ಲೆಕ್ಕಕ್ಕೆ ಹಿಡಿದು ಕ್ರೆಡಿಟ್ ಕೊಡುವ ಕಾಲೇಜು ನೋಡುವುದು ಆ ಡೈರಿಯನ್ನೇ ತಾನೇ?

ಇನ್ನು ಸಮಯದ ವಿಚಾರ. ಇಂಗ್ಲೆಂಡಿನಲ್ಲಿ 2015ರಿಂದ ಇರುವ, ಕೆಲಸ ಮಾಡುತ್ತಲೇ ಡಿಗ್ರಿ ಪಡೆಯುವ ಡಿಗ್ರಿ ಅಪ್ರೆಂಟಿಸ್‌ಶಿಪ್‌ನಲ್ಲಿ ಓದುವ ಗಂಟೆಗಳು ಸಂಬಳದ ಗಂಟೆಗಳ ಒಳಗೇ ಬರುತ್ತವೆ, ಶುಲ್ಕವನ್ನು ಕೆಲಸಗಾರ ಕಟ್ಟುವಂತಿಲ್ಲ. ನೈಟ್ ಶಿಫ್ಟ್ ಮುಗಿಸಿದವರಿಗೆ ಬೆಳಿಗ್ಗೆ ಒಂಬತ್ತಕ್ಕೆ ಕ್ಲಾಸ್ ಇಟ್ಟು, ಹಾಜರಿ ಕಡಿಮೆ ಅಂತ ಪರೀಕ್ಷೆಗೆ ಕೂರಿಸದಿರುವ ಕಾಲೇಜುಗಳು ಮೊದಲು ತಮ್ಮ ಟೈಮ್‌ಟೇಬಲ್ ತಿದ್ದಿಕೊಳ್ಳಲಿ.

ಇಂತಿ,
ಲೇಥ್ ಕೆಲಸ ಕಲಿಸುವ ಒಬ್ಬ ಓದುಗ