ಗುಂಡಿನ ಲೆಕ್ಕ ಬೇಡ, ಗುಣದ ಲೆಕ್ಕ ಕೊಡಿ

ಮಾನ್ಯ ಸಂಪಾದಕರೇ,

ಮಾಹಿತಿ ಹಕ್ಕು ಕಾಯ್ದೆ ಅಂದ ಕೂಡಲೇ ಪತ್ರಿಕೆಗಳಲ್ಲಿ ರಸ್ತೆ, ಚರಂಡಿ, ಪಡಿತರ, ಖಾತೆ ಬದಲಾವಣೆ ಇವುಗಳ ಸುದ್ದಿಯೇ ಜಾಸ್ತಿ. ಬರಲಿ, ಅದೂ ಬೇಕು. ಆದರೆ ಇದೇ ಕಾಯ್ದೆಯಡಿ ಸೇನೆಯ ಮದ್ದುಗುಂಡಿನ ಗುಣಮಟ್ಟದ ಬಗ್ಗೆಯೂ ಅರ್ಜಿ ಹಾಕಬಹುದು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಗೊತ್ತಿದ್ದವರಿಗೂ ಒಂದು ಅಳುಕು. ಕೇಳಿದರೆ ಎಲ್ಲಿ ದೇಶದ್ರೋಹಿ ಅಂದುಬಿಡುತ್ತಾರೋ ಅಂತ. ನಾನು ಫಿರಂಗಿ ದಳದಲ್ಲಿ ದುಡಿದು ಹವಾಲ್ದಾರ್ ಆಗಿ ನಿವೃತ್ತನಾದವನು. ನನಗೆ ಆ ಅಳುಕಿಲ್ಲ. ಅದಕ್ಕೇ ಕೇಳಿದೆ.

ಫಿರಂಗಿ ಗುಂಡು ಅಂದರೆ ಒಂದೇ ವಸ್ತು ಅಲ್ಲ. ಷೆಲ್ ಬೇರೆ, ಅದರ ಮೂತಿಗೆ ಹಾಕುವ ಫ್ಯೂಜ್ ಬೇರೆ, ಹಿಂದಿನಿಂದ ತಳ್ಳುವ ಮದ್ದಿನ ಚಾರ್ಜ್ ಬೇರೆ, ಅದಕ್ಕೆ ಕಿಡಿ ಕೊಡುವ ಪ್ರೈಮರ್ ಬೇರೆ. ಪ್ರೈಮರ್ ಕೈಕೊಟ್ಟರೆ ಮಿಸ್‌ಫೈರ್. ಫ್ಯೂಜ್ ಕೈಕೊಟ್ಟರೆ ಗುಂಡು ಹೋಗಿ ಬೀಳುತ್ತದೆ, ಸಿಡಿಯುವುದಿಲ್ಲ. ನಾವು ಅದನ್ನು ಬ್ಲೈಂಡ್ ಅನ್ನುತ್ತೇವೆ. ಮುಂದೆ ಯಾವತ್ತೋ ದನ ಕಾಯಲು ಬಂದ ಹುಡುಗನ ಕಾಲಡಿ ಅದು ಸಿಡಿದೀತು. ಎಲ್ಲಕ್ಕಿಂತ ಭಯಂಕರ ಅಂದರೆ ಫ್ಯೂಜ್ ಅವಸರಪಡುವುದು. ಆಗ ಗುಂಡು ಬ್ಯಾರೆಲ್ಲಿನ ಒಳಗೇ ಸಿಡಿಯುತ್ತದೆ.

ಮಿಸ್‌ಫೈರ್ ಆದಾಗ ತೋಪಿನ ಹತ್ತಿರ ಹೇಗಿರುತ್ತದೆ ಗೊತ್ತಾ? 'ಫೈರ್' ಅಂತ ಕೂಗಿ ಆಗಿದೆ, ಏನೂ ಆಗಿಲ್ಲ. ಬ್ಯಾರೆಲ್ ಗುರಿಯ ಕಡೆಗೇ ಇರಬೇಕು. ಹಿಂದಿನ ಬಾಗಿಲನ್ನು ಯಾರೂ ಮುಟ್ಟುವಂತಿಲ್ಲ. ಕಿಡಿ ನಿಧಾನವಾಗಿ ಹತ್ತಿಕೊಂಡು ಈಗಲೂ ಹಾರಬಹುದು. ಎಲ್ಲರ ಕಣ್ಣು ನಂಬರ್ ಒನ್ ಮೇಲೆ, ಅಂದರೆ ಆ ತೋಪಿನ ತಂಡದ ಮುಖ್ಯಸ್ಥನ ಮೇಲೆ. ಅವನ ಕಣ್ಣು ಗಡಿಯಾರದ ಮೇಲೆ. ಹೊತ್ತು ಮುಗಿದ ಮೇಲೆ ಒಬ್ಬ ಹೋಗಿ ಬಾಗಿಲು ತೆಗೆಯಬೇಕು. ಆ ಒಬ್ಬ ನಾನಾಗಿದ್ದೂ ಇದೆ. ಆಮೇಲೆ ಪೆಟ್ಟಿಗೆ ಮೇಲಿನ ಲಾಟ್ ನಂಬರ್ ಬರೆದುಕೊಂಡು ವರದಿ ಕಳಿಸುತ್ತಾರೆ. ಕಾರ್ಖಾನೆಯಲ್ಲಿ ಒಟ್ಟಿಗೆ ತಯಾರಾದ ಸರಕಿಗೆ ಒಂದೇ ಲಾಟ್ ನಂಬರ್. ಒಂದು ಗುಂಡು ಕೆಟ್ಟಿದ್ದರೆ ಅದೇ ಲಾಟಿನ ಉಳಿದವುಗಳ ಮೇಲೂ ಅನುಮಾನ. ಕೆಲವು ಸಲ ಲಾಟ್ ಬ್ಯಾನ್ ಆಗಿದೆ ಅಂತ ಆದೇಶ ಬರುತ್ತಿತ್ತು. ಕೆಲವು ಸಲ ಏನೂ ಬರುತ್ತಿರಲಿಲ್ಲ. ನಾವು ಬರೆದ ವರದಿ ಎಲ್ಲಿಗೆ ಹೋಯಿತು, ಯಾರು ಓದಿದರು, ಏನಾಯಿತು? ಸೇವೆಯಲ್ಲಿದ್ದಾಗ ಕೇಳುವ ಹಾಗಿರಲಿಲ್ಲ. ಈಗ ಕೇಳುತ್ತಿದ್ದೇನೆ.

ಇದು ಸಣ್ಣ ವಿಷಯ ಅಲ್ಲ. 2016ರ ಮೇ 31ರ ನಸುಕಿನಲ್ಲಿ ಮಹಾರಾಷ್ಟ್ರದ ಪುಲಗಾಂವ್ ಮದ್ದುಗುಂಡು ಡಿಪೊಗೆ ಬೆಂಕಿ ಬಿತ್ತು. ಅಧಿಕಾರಿಗಳು, ಯೋಧರು, ಅಗ್ನಿಶಾಮಕ ಸಿಬ್ಬಂದಿ ಸೇರಿ ಹದಿನೈದಕ್ಕೂ ಹೆಚ್ಚು ಜನ ಸತ್ತರು. ಟ್ಯಾಂಕ್ ನಾಶಕ ಮೈನ್‌ಗಳಿಂದ ಟಿಎನ್‌ಟಿ ಸ್ಫೋಟಕ ಸೋರುತ್ತಿತ್ತು ಅನ್ನುವುದು ಆಮೇಲೆ ಹೊರಬಂತು. 2017ರ ಸೆಪ್ಟೆಂಬರ್‌ನಲ್ಲಿ ಪೋಖರಣ್‌ನಲ್ಲಿ ಪರೀಕ್ಷೆ ನಡೆಯುವಾಗ ಅಮೆರಿಕದಿಂದ ಬಂದ ಹೊಸ ಎಂ777 ತೋಪಿನ ಬ್ಯಾರೆಲ್ ಸಿಡಿಯಿತು. ಹಾರಿಸಿದ್ದು ನಮ್ಮ ಗುಂಡು. 2020ರಲ್ಲಿ ಸೇನೆಯ ಒಳವರದಿಯೊಂದು ಪತ್ರಿಕೆಗಳಿಗೆ ಸಿಕ್ಕಿತು. ಐದಾರು ವರ್ಷದಲ್ಲಿ ಕಳಪೆ ಮದ್ದುಗುಂಡಿನಿಂದ ಆದ ನಷ್ಟ ಸುಮಾರು 960 ಕೋಟಿ ರೂಪಾಯಿ ಅಂತ ಅದರಲ್ಲಿತ್ತು. ಮದ್ದುಗುಂಡು ತಯಾರಿಸುತ್ತಿದ್ದ ಆಗಿನ ಸರ್ಕಾರಿ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿ ಇದನ್ನು ಒಪ್ಪಲಿಲ್ಲ. ಗುಂಡು ಇಟ್ಟ ರೀತಿ ಸರಿಯಿರಲಿಲ್ಲ, ತೋಪಿನ ನಿರ್ವಹಣೆ ಸರಿಯಿರಲಿಲ್ಲ, ಎಲ್ಲವನ್ನೂ ನಮ್ಮ ತಲೆಗೆ ಕಟ್ಟಬೇಡಿ ಅಂದಿತು. ಇರಬಹುದು. ಇಬ್ಬರಲ್ಲಿ ಯಾರು ಸರಿ ಅಂತ ನೋಡಲು ಮೂಲ ಕಾಗದ ಬೇಕು, ಅಲ್ವಾ? ಅದು ಸೋರಿಕೆಯಾಗಿ ಬರಬೇಕೇ? ಹತ್ತು ರೂಪಾಯಿ ಶುಲ್ಕ ಕಟ್ಟಿ ರಾಜಮಾರ್ಗದಲ್ಲಿ ಏಕೆ ಬರಬಾರದು?

ನನ್ನ ಅರ್ಜಿಯಲ್ಲಿ ದಾಸ್ತಾನು ಎಷ್ಟಿದೆ, ಎಲ್ಲಿದೆ ಅಂತ ಕೇಳಲಿಲ್ಲ. ಅದು ನನಗೂ ಬೇಡ, ನಿಮಗೂ ಬೇಡ, ಶತ್ರುವಿಗೆ ಮಾತ್ರ ಬೇಕು. ಹಳೆಯ ಮಾದರಿಯ ಫಿರಂಗಿಗಳಿಗೆ ಸಂಬಂಧಿಸಿ ವರ್ಷಕ್ಕೆ ಎಷ್ಟು ದೋಷದ ವರದಿಗಳು ಬಂದವು, ಎಷ್ಟು ಲಾಟ್ ಹಿಂದಕ್ಕೆ ಪಡೆದರು, ಯಾವ ಕಾರಣಕ್ಕೆ, ತನಿಖೆ ಮುಗಿದ ಪ್ರಕರಣಗಳ ವರದಿಯ ಪ್ರತಿ ಕೊಡಿ. ಇಷ್ಟೇ.

ರಿಜಿಸ್ಟರ್ಡ್ ಪೋಸ್ಟಿನಲ್ಲಿ ಉತ್ತರ ಬಂತು. ಎರಡೇ ಸಾಲು. ಸೆಕ್ಷನ್ 8(1)(ಎ) ಅಡಿ, ದೇಶದ ಭದ್ರತೆಗೆ ಧಕ್ಕೆ ಆಗುವುದರಿಂದ ಕೊಡಲಾಗದು. ಯಾವ ಪ್ರಶ್ನೆಗೆ, ಹೇಗೆ ಧಕ್ಕೆ ಅಂತ ಒಂದು ಪದವಿಲ್ಲ. ಮೊದಲ ಮೇಲ್ಮನವಿ ಹಾಕಿದೆ. ಅದಕ್ಕೆ ಶುಲ್ಕ ಇಲ್ಲ. ಅದರಲ್ಲಿ ಎರಡು ವಿಷಯ ಎತ್ತಿದೆ. ಒಂದು, ಸೆಕ್ಷನ್ 10. ಒಂದು ಕಾಗದದಲ್ಲಿ ಗುಟ್ಟಿನ ಭಾಗ ಇದ್ದರೆ ಅದನ್ನಷ್ಟೇ ಮುಚ್ಚಿ ಉಳಿದದ್ದನ್ನು ಕೊಡಬೇಕು. ಇನ್ನೊಂದು, ಸೆಕ್ಷನ್ 19(5). ಮಾಹಿತಿ ನಿರಾಕರಿಸಿದ್ದು ಸರಿ ಅಂತ ಸಾಬೀತು ಮಾಡುವ ಹೊಣೆ ಅಧಿಕಾರಿಯದು, ಅರ್ಜಿದಾರನದಲ್ಲ. ಇದನ್ನು ಓದಿದ ಮೇಲೆ ಸ್ವಲ್ಪ ಬಿಗಿ ಸಡಿಲಿಸಿದರು.

ಬಂದದ್ದು ಒಂದು ಕೋಷ್ಟಕದ ಜೆರಾಕ್ಸ್. ಗುಂಡಿನ ಬಗೆ, ಲಾಟ್, ಘಟಕ, ಜಾಗ ಎಲ್ಲದರ ಮೇಲೆ ದಪ್ಪ ಕಪ್ಪು ಮಾರ್ಕರ್. ಘಟಕದ ಹೆಸರು, ಜಾಗ ಮುಚ್ಚಿದ್ದು ಸರಿಯೇ, ನಾನೂ ಮುಚ್ಚುತ್ತಿದ್ದೆ. ಉಳಿದದ್ದು ಇಸವಿ ಮತ್ತು ಕೊನೆಯ ಕಾಲಮ್ಮು: ದೋಷದ ಕಾರಣ. ಆ ಕಾಲಮ್ಮನ್ನು ಮೇಲಿಂದ ಕೆಳಗೆ ಓದಿದೆ. 'ತನಿಖೆಯಲ್ಲಿದೆ.' 'ತನಿಖೆಯಲ್ಲಿದೆ.' ಮಧ್ಯೆ ಒಂದು ಕಡೆ 'ಪ್ರೈಮರ್.' ಮತ್ತೆ 'ತನಿಖೆಯಲ್ಲಿದೆ.' ನಾನು ಸೇವೆಯಲ್ಲಿದ್ದ ಕಾಲದ ಇಸವಿಯ ಮುಂದೆಯೂ ಅದೇ. ಕಪ್ಪು ಬಳಿದದ್ದಕ್ಕಿಂತ ಬಳಿಯದೆ ಬಿಟ್ಟದ್ದೇ ಹೆಚ್ಚು ಹೇಳಿತು. ಇಷ್ಟು ವರ್ಷ ಮುಗಿಯದ ತನಿಖೆಯಲ್ಲಿ ಮುಚ್ಚಿಡುವ ಭದ್ರತೆ ಯಾವುದು ಸ್ವಾಮಿ?

ಭದ್ರತೆಯ ವಾದದಲ್ಲಿ ಇನ್ನೊಂದು ತಮಾಷೆ ಇದೆ. ಯಾವ ಸಂಗತಿ ನಿಜಕ್ಕೂ ಗುಟ್ಟಾಗಿರಬೇಕಿತ್ತೋ ಅದನ್ನು ಮಹಾಲೇಖಪಾಲರೇ (ಸಿಎಜಿ) ಸಂಸತ್ತಿನ ಮುಂದೆ ಇಟ್ಟಿದ್ದರು. 2015ರ ಒಂದು ವರದಿ, 2017ರಲ್ಲಿ ಅದರ ಮುಂದುವರಿಕೆ. ಯುದ್ಧಕ್ಕೆ ಅಂತ 40 ದಿನದ ಮದ್ದುಗುಂಡು ಇರಬೇಕಿದ್ದ ಕಡೆ, 152 ಬಗೆಗಳ ಪೈಕಿ 61 ಬಗೆಗಳು 10 ದಿನಕ್ಕೂ ಸಾಲುವುದಿಲ್ಲ ಅಂತ 2017ರ ವರದಿ ಲೆಕ್ಕ ಕೊಟ್ಟಿತ್ತು. ಟಿವಿಗಳಲ್ಲಿ ವಾರಗಟ್ಟಲೆ ಚರ್ಚೆ. ಆಮೇಲೆ ರಕ್ಷಣಾ ಇಲಾಖೆಯ ಲೆಕ್ಕಪರಿಶೋಧನಾ ವರದಿಗಳನ್ನು ವೆಬ್‌ಸೈಟಿಗೆ ಹಾಕುವುದನ್ನೇ ನಿಲ್ಲಿಸಿದರು. ಅದು ಬೇಕೆಂದೇ ಮಾಡಿದ ತೀರ್ಮಾನ ಅಂತ ಆಗಿನ ಸಿಎಜಿ ರಾಜೀವ್ ಮೆಹರ್ಷಿ 2020ರಲ್ಲಿ ಹೇಳಿದ್ದರು. ದಾಸ್ತಾನಿನ ಅಂಕಿ ಮುಚ್ಚಲಿ, ನನ್ನ ತಕರಾರಿಲ್ಲ. ಆದರೆ ಅದೇ ಚಾಪೆಯಡಿ ಸಿಡಿಯದ ಗುಂಡಿನ ವರದಿಯನ್ನೂ ತೂರಿಸುವುದು ಯಾಕೆ? ಎಷ್ಟಿದೆ ಅನ್ನುವುದು ಬೇರೆ, ಹೇಗಿದೆ ಅನ್ನುವುದು ಬೇರೆ.

ಅರ್ಜಿ ಯಾರಿಗೆ ಹಾಕಬೇಕು ಅನ್ನುವುದರಲ್ಲೂ ಒಂದು ಸಿಕ್ಕು ಇದೆ. ಕಾಯ್ದೆಯ ಎರಡನೇ ಅನುಸೂಚಿಯಲ್ಲಿ ಇರುವ ಸಂಸ್ಥೆಗಳಿಗೆ ಸೆಕ್ಷನ್ 24ರ ವಿನಾಯಿತಿ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪ ಬಿಟ್ಟರೆ ಅವು ಉತ್ತರ ಕೊಡಬೇಕಿಲ್ಲ. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಆ ಪಟ್ಟಿಯಲ್ಲಿದೆ. ಭೂಸೇನೆ ಇಲ್ಲ. ಗುಣಮಟ್ಟ ನೋಡುವ ಡಿಜಿಕ್ಯುಎ ಇಲ್ಲ. ಗುಂಡು ಹಾರಿಸಿ ಪರೀಕ್ಷೆ ಮಾಡುವ ಎರಡು ದೊಡ್ಡ ಜಾಗಗಳಲ್ಲಿ ಒಡಿಶಾದ ಬಾಲೇಶ್ವರದ್ದು ಡಿಆರ್‌ಡಿಒ ಕೈಲಿದೆ, ಮಧ್ಯಪ್ರದೇಶದ ಇಟಾರ್ಸಿಯದ್ದು ಡಿಜಿಕ್ಯುಎಗೆ ಸೇರಿದ್ದು. ಅಂದರೆ ಒಂದೇ ಬಗೆಯ ಗುಂಡು ಇಟಾರ್ಸಿಯಲ್ಲಿ ಹಾರಿದರೆ ಕೇಳುವ ದಾರಿ ಇದೆ, ಬಾಲೇಶ್ವರದಲ್ಲಿ ಹಾರಿದರೆ ಬಾಗಿಲು ಬಂದ್. ಗುಂಡಿಗೆ ಇದು ಗೊತ್ತಾ?

2021ರ ಅಕ್ಟೋಬರ್ 1ರಿಂದ ಆರ್ಡನೆನ್ಸ್ ಫ್ಯಾಕ್ಟರಿ ಮಂಡಳಿ ಇಲ್ಲ. ಅದರ 41 ಕಾರ್ಖಾನೆಗಳು ಏಳು ಸರ್ಕಾರಿ ಕಂಪನಿಗಳಾಗಿವೆ. ಮದ್ದುಗುಂಡು ಮುಖ್ಯವಾಗಿ ಪುಣೆಯ ಮ್ಯೂನಿಷನ್ಸ್ ಇಂಡಿಯಾ ಪಾಲಿಗೆ ಬಂತು. ಸರ್ಕಾರಿ ಕಂಪನಿ ಆದ್ದರಿಂದ ಆರ್‌ಟಿಐ ಅನ್ವಯಿಸುತ್ತದೆ. ಆದರೆ ಕಂಪನಿ ಅಂದಮೇಲೆ ಹೊಸ ನೆಪವೊಂದು ಕೈಗೆ ಸಿಗುತ್ತದೆ: 8(1)(ಡಿ), ವ್ಯಾಪಾರದ ಗುಟ್ಟು. ಮದ್ದು ಮಾಡುವ ಪಾಕ ಗುಟ್ಟಾಗಿರಲಿ. ಪಾಕ ಕೆಟ್ಟಿತ್ತು ಅನ್ನುವುದೂ ಗುಟ್ಟೇ? ಅರ್ಜಿ ಹಾಕುವವರು ಒಂದು ಗಮನಿಸಿ. 20 ವರ್ಷ ದಾಟಿದ ಘಟನೆಗಳಿಗೆ ಸೆಕ್ಷನ್ 8(3) ಪ್ರಕಾರ ಈ ವ್ಯಾಪಾರದ ನೆಪ ನಡೆಯುವುದಿಲ್ಲ. ಭದ್ರತೆಯ ಕಾರಣ ಮಾತ್ರ ಆಗಲೂ ಹೇಳಬಹುದು. 1923ರ ಅಧಿಕೃತ ರಹಸ್ಯಗಳ ಕಾಯ್ದೆ ಅಂತ ಹೆದರಿಸಿದರೆ ಸೆಕ್ಷನ್ 8(2) ತೋರಿಸಿ. ಮುಚ್ಚಿಡುವುದರಿಂದ ಆಗುವ ರಕ್ಷಣೆಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಆ ಕಾಯ್ದೆ ಇದ್ದರೂ ಕೊಡಬಹುದು ಅಂತ ಅಲ್ಲಿ ಸ್ಪಷ್ಟವಾಗಿದೆ.

ಬೇರೆ ದೇಶದಲ್ಲಿ ಇದು ನಡೆದಿದೆ. 1986ರ ಏಪ್ರಿಲ್ 11ರಂದು ಅಮೆರಿಕದ ಮಯಾಮಿಯಲ್ಲಿ ಇಬ್ಬರು ದರೋಡೆಕೋರರ ಜತೆಗಿನ ಗುಂಡಿನ ಕಾಳಗದಲ್ಲಿ ಅಲ್ಲಿನ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಸತ್ತರು. ದರೋಡೆಕೋರನೊಬ್ಬನಿಗೆ ಮೊದಲೇ ತಗುಲಿದ್ದ ಗುಂಡು ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತ್ತು. ಅವನು ಸಾಯದೆ ಗುಂಡು ಹಾರಿಸುತ್ತಲೇ ಇದ್ದ. ಆ ಮೇಲೆ ಎಫ್‌ಬಿಐ, ಮನುಷ್ಯನ ಮಾಂಸದ ಬದಲಿಗೆ ಜೆಲ್ಲಿಯಂಥ ಜೆಲಟಿನ್ ಗಟ್ಟಿಗೆ ಗುಂಡು ಹೊಡೆದು ಅಳೆಯುವ ಪರೀಕ್ಷೆ ತಂದಿತು. ಬಟ್ಟೆ, ಪ್ಲೈವುಡ್, ಕಾರಿನ ಗಾಜು ಇವುಗಳ ಹಿಂದೆ ಜೆಲಟಿನ್ ಇಟ್ಟು ಹೊಡೆಯುತ್ತಾರೆ. ಗುಂಡು 12ರಿಂದ 18 ಇಂಚು ಒಳಗೆ ಹೋಗಬೇಕು. ಅಲ್ಲಿ 1966ರಿಂದಲೇ ಮಾಹಿತಿ ಕೇಳುವ ಕಾಯ್ದೆ ಇದೆ, ಜನ ಇಂಥ ಪರೀಕ್ಷೆಗಳ ಕಾಗದವನ್ನೂ ಅದರಡಿ ಕೇಳುತ್ತಾರೆ. ಅಲ್ಲೂ ಕಪ್ಪು ಮಾರ್ಕರ್ ಓಡಾಡುತ್ತದೆ, ಅಲ್ಲೇನು ಸ್ವರ್ಗ ಇಲ್ಲ. ಆದರೆ ಸೋತ ಗುಂಡಿನ ಬಗ್ಗೆ ಮಾತಾಡುವುದನ್ನು ಯಾರೂ ಅಪರಾಧ ಅಂತ ನೋಡುವುದಿಲ್ಲ.

ನಮ್ಮಲ್ಲಿ ಜನಕ್ಕೆ ಗೊತ್ತಾಗುವುದು ಕ್ಯಾಮೆರಾ ಇದ್ದಾಗ ಮಾತ್ರ. 2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಪೊಲೀಸರು ಗೌರವಕ್ಕೆ ಎತ್ತಿದ 22 ಬಂದೂಕುಗಳಲ್ಲಿ ಒಂದೂ ಸಿಡಿಯಲಿಲ್ಲ. ದೇಶವೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಅಲ್ಲಿ ಎದುರಿಗೆ ಕಳ್ಳನೋ ನಕ್ಸಲನೋ ಇರಲಿಲ್ಲ ಅನ್ನುವುದೊಂದೇ ಸಮಾಧಾನ.

ನಾನು ಕೇಳುವುದು ಜಾಸ್ತಿ ಏನಲ್ಲ. ಬಳಕೆಯಿಂದ ಹೊರಗೆ ಹೋದ ಮಾದರಿಗಳ ದೋಷದ ವರದಿಗಳನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಲಿ. ಸೆಕ್ಷನ್ 4 ಇರುವುದೇ ಅದಕ್ಕೆ. ಈಗ ಬಳಕೆಯಲ್ಲಿರುವವಕ್ಕೆ ಜಾಗ, ಘಟಕ, ಸಂಖ್ಯೆ ಮುಚ್ಚಿ, ಕಾರಣ ಮತ್ತು ಕೈಗೊಂಡ ಕ್ರಮ ಮಾತ್ರ ಬಿಡಲಿ. 'ತನಿಖೆಯಲ್ಲಿದೆ' ಅಂತ ಬರೆದರೆ ಪಕ್ಕದಲ್ಲಿ ತನಿಖೆ ಶುರುವಾದ ತಾರೀಖು ಇರಲಿ.

ಮಕ್ಕಳು ಸೇನೆಯಲ್ಲಿರುವ ತಂದೆತಾಯಿಯರೂ ಅರ್ಜಿ ಹಾಕಬಹುದು. ಯಾಕೆ ಬೇಕು ಅಂತ ಕಾರಣ ಹೇಳಬೇಕಾಗಿಲ್ಲ, ಸೆಕ್ಷನ್ 6(2) ನೋಡಿ. 'ಗುಂಡು ಯಾಕೆ ಕೆಟ್ಟಿತು' ಅಂತ ಕೇಳಬೇಡಿ, ಅಭಿಪ್ರಾಯ ಕೊಡುವುದಿಲ್ಲ ಅಂತ ಹಿಂದಕ್ಕೆ ಕಳಿಸುತ್ತಾರೆ. 'ಇಂಥ ವರ್ಷದ ಇಂಥ ವರದಿಯ ಪ್ರತಿ' ಅಂತ ಕೇಳಿ.

ನನ್ನ ಎರಡನೇ ಮೇಲ್ಮನವಿ ಕೇಂದ್ರ ಮಾಹಿತಿ ಆಯೋಗದ ಮುಂದಿದೆ. ವಿಚಾರಣೆಗೆ ದೆಹಲಿಗೆ ಹೋಗಬೇಕಿಲ್ಲ, ಜಿಲ್ಲಾಧಿಕಾರಿ ಕಚೇರಿಯ ಎನ್‌ಐಸಿ ಕೊಠಡಿಯಲ್ಲಿ ಕೂತು ವಿಡಿಯೊದಲ್ಲೇ ಮಾತಾಡಬಹುದು. ದಿನ ಗೊತ್ತಾದ ಮೇಲೆ ತಿಳಿಸುತ್ತೇನೆ. ನಿಮ್ಮ ವರದಿಗಾರರೊಬ್ಬರನ್ನು ಕಳಿಸಿಕೊಡಿ.

ಇಂತಿ ನಿಮ್ಮ ಓದುಗ,
ನಿವೃತ್ತ ಹವಾಲ್ದಾರ್, ಫಿರಂಗಿ ದಳ