ಮಳೆ ಹಿಡಿಯುವ ಮೊದಲು ಕಾನ್ವೆಂಟಿನ ಹಂಚಿನ ಮಾಡು ರಿಪೇರಿ ಆಗಬೇಕು

ಕಾರವಾರ ಸೀಮೆಯ ಬಂಧುಗಳಿಗೆಲ್ಲ ನಮಸ್ಕಾರ.

ನಮ್ಮೂರ ಸಭಾಭವನವನ್ನು ಇವತ್ತಿಗೂ ಎಲ್ಲರೂ ಕಾನ್ವೆಂಟ್ ಅಂತಲೇ ಕರೆಯುತ್ತಾರೆ. ಮೊದಲು ಇಲ್ಲಿದ್ದ ಕ್ರೈಸ್ತ ಸನ್ಯಾಸಿನಿಯರು, ನಮ್ಮ ಸಿಸ್ಟರ್‌ಗಳು, ಬಿಟ್ಟುಹೋಗಿ ಎಷ್ಟೋ ವರ್ಷವಾಯಿತು. ಉದ್ದ ಜಗುಲಿ, ಚಿರೇಕಲ್ಲಿನ ದಪ್ಪ ಗೋಡೆ, ಅವರು ಊಟಕ್ಕೆ ಕೂರುತ್ತಿದ್ದ ದೊಡ್ಡ ಕೋಣೆ ಹಾಗೇ ಇವೆ. ಈಗ ಆ ಕೋಣೆಯಲ್ಲೇ ಗ್ರಾಮಸಭೆ, ಮೀನುಗಾರರ ಸಂಘದ ಮೀಟಿಂಗ್, ಕೈಲಾಗದವರ ಮನೆಯ ಮದುವೆ, ಮಳೆಗಾಲದ ತಾಳಮದ್ದಳೆ ಎಲ್ಲ ನಡೆಯುವುದು. ಹೊಳೆ ಉಕ್ಕಿದಾಗ ಕೆಳಗಿನ ಕೇರಿಯವರು ಬಂದು ಮಲಗುವುದೂ ಅಲ್ಲೇ.

ಆ ಕೋಣೆಯ ಮಾಡು ಕೆಟ್ಟಿದೆ. ಮಾಡು ಹೊರುವ ಮರದ ಪಕಾಸಿಗೆ ಒರಲೆ ಹಿಡಿದಿದೆ, ಹಂಚು ಕೂರುವ ರೀಪು ಕುಂಬಾಗಿದೆ, ಹಂಚು ಜಾರಿ ನೀರು ನೇರ ಗೋಡೆಗೆ ಇಳಿಯುತ್ತಿದೆ. ಕಳೆದ ವರ್ಷ ತಾಳಮದ್ದಳೆಯ ಹೊತ್ತಿಗೆ ಭಾಗವತರ ಪಕ್ಕದಲ್ಲೇ ಬಾಲ್ದಿ ಇಡಬೇಕಾಯಿತು.

ಇದನ್ನು ಬಿಟ್ಟು ಬೇರೆ ಕಡೆ ಹೊಸ ಹಾಲ್ ಕಟ್ಟಬಾರದಾ ಅಂತ ಕೆಲವರು ಕೇಳುತ್ತಾರೆ. ಒಮ್ಮೆ ಹಳೇ ಗೋವಾಕ್ಕೆ ಹೋಗಿ ಬನ್ನಿ, ದೂರವೇನಲ್ಲ. 1835ರಲ್ಲಿ ಪೋರ್ಚುಗೀಸ್ ಸರ್ಕಾರ ಕ್ರೈಸ್ತ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿತು, ಸಂತ ಅಗಸ್ಟಿನ್ ಮಠ ಪಾಳುಬಿತ್ತು, 1842ರಲ್ಲಿ ಅಲ್ಲಿನ ಇಗರ್ಜಿಯ (ಚರ್ಚಿನ) ಕಮಾನಿನ ಚಾವಣಿ ಕುಸಿಯಿತು, ಈಗ ಅರ್ಧ ಗೋಪುರ ನಿಂತಿದೆ ಅಷ್ಟೇ. ಅದರ ಗಂಟೆ ಕೂಡ ಪಣಜಿಯ ಇಗರ್ಜಿಗೆ ಹೋಯಿತು. ಅಲ್ಲೇ ಹತ್ತಿರ ಸಂತ ಫ್ರಾನ್ಸಿಸ್ ಮಠ ಇನ್ನೂ ಗಟ್ಟಿಯಾಗಿದೆ. ಅದರಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಜನ ಓಡಾಡುತ್ತಾರೆ, ಸೋರಿದರೆ ನೋಡುವವರಿದ್ದಾರೆ. ನಮ್ಮ ಕಾನ್ವೆಂಟನ್ನೂ ನಾವು ಬಿಟ್ಟು ನಡೆದರೆ ನಾಲ್ಕು ಮಳೆಗಾಲ ತಡೆಯಲಿಕ್ಕಿಲ್ಲ, ಅಲ್ವಾ?

ಒಂದು ತಪ್ಪು ಹೇಳಲೇಬೇಕು. ಹಿಂದೊಮ್ಮೆ ನಾವೇ ಗೋಡೆಗೆ ಸಿಮೆಂಟ್ ಬಳಿಸಿದ್ದೆವು. ಚಿರೇಕಲ್ಲು ನೀರು ಕುಡಿಯುತ್ತದೆ, ಅದು ಆರಬೇಕು ಅಂದರೆ ಸುಣ್ಣದ ಗಾರೆಯೇ ಆಗಬೇಕು, ಸಿಮೆಂಟ್ ತೇವವನ್ನು ಒಳಗೇ ಹಿಡಿದಿಡುತ್ತದೆ. ಈ ಸಲ ಅದನ್ನು ಕೆತ್ತಿ ತೆಗೆದು ಚಿಪ್ಪಿಸುಣ್ಣ ಹಾಕಿಸುತ್ತೇವೆ. ಖರ್ಚೂ ಜಾಸ್ತಿ, ದಿನವೂ ಜಾಸ್ತಿ.

ಹಣವನ್ನೇ ಕೊಡಬೇಕು ಅಂತಿಲ್ಲ. ಹಳೇ ಮನೆ ಕೆಡವಿದವರ ಹಿತ್ತಿಲಲ್ಲಿ ಒಳ್ಳೆಯ ಮಂಗಳೂರು ಹಂಚು ಸುಮ್ನೆ ಪಾಚಿ ಹಿಡಿಯುತ್ತಾ ಬಿದ್ದಿರುತ್ತದೆ, ಅದನ್ನು ಕೊಡಿ. ಒರಲೆ ತಾಗದ ಪಕಾಸು ಇದ್ದರೆ ಇನ್ನೂ ಒಳ್ಳೆಯದು. ಮುಂಬೈ, ಪುಣೆ, ಬೆಂಗಳೂರಿನಲ್ಲಿರುವ ನಮ್ಮೂರಿನವರು ಟ್ರಸ್ಟ್ ಖಾತೆಗೆ ಹಾಕಬಹುದು. ನೂರು ರೂಪಾಯಿಗೂ ರಶೀದಿ ಕೊಡುತ್ತೇವೆ, ಖರ್ಚಿನ ಲೆಕ್ಕವನ್ನು ಜಗುಲಿಯ ಬೋರ್ಡಿನಲ್ಲಿ ಬರೆದು ಹಾಕುತ್ತೇವೆ.

ಮೃಗಶಿರಾ ಮಳೆಯ ಒಳಗೆ ಹಂಚು ಹೊದಿಸಿ ಮುಗಿಸಬೇಕು. ಬರುವ ಭಾನುವಾರ ಬೆಳಿಗ್ಗೆ ಹಂಚು ಇಳಿಸಿ ತೊಳೆಯುವ ಕೆಲಸ ಶುರು. ಬರುವವರು ಒಂದು ಬಾಲ್ದಿ ತನ್ನಿ, ಮಧ್ಯಾಹ್ನದ ಊಟ ಅಲ್ಲೇ ಇದೆ.