ತುಮಕೂರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ಜಿಮ್‌ಗಳಲ್ಲಿ ಮಾರುವ ಪೌಡರ್ ಪರೀಕ್ಷೆ ಮಾಡಿಸಿ

ಮಾನ್ಯರೇ,

ನಾನು ಶಿರಾ ಗೇಟ್ ಹತ್ತಿರ ಮನೆಯಲ್ಲೇ ಬಟ್ಟೆ ಹೊಲಿದು ಸಂಸಾರ ನಡೆಸುವವಳು. ಮಗ ಡಿಗ್ರಿ ಓದುತ್ತಾ ವೇಟ್‌ಲಿಫ್ಟಿಂಗ್ ಮಾಡುತ್ತಾನೆ. ಅವನು ಭಾರ ಎತ್ತುವುದು ನನಗೆ ಹೆಮ್ಮೆಯೇ. ನನ್ನ ತಕರಾರು ಜಿಮ್‌ನಲ್ಲಿ ಮಾರುವ ಪೌಡರ್ ಬಗ್ಗೆ. ನಮ್ಮ ಊರಿನ ಜಿಮ್‌ಗಳಲ್ಲಿ ಮಾರುವ ಪ್ರೋಟೀನ್, ಅಮೈನೋ ಪೌಡರ್‌ಗಳ ಮಾದರಿ ತೆಗೆಸಿ, ಪರೀಕ್ಷೆ ಮಾಡಿಸಿ. ಇದನ್ನು ಕೇಳುವುದಕ್ಕೇ ಬರೆಯುತ್ತಿದ್ದೇನೆ.

ನಡೆದದ್ದು ಹೀಗೆ. ಟ್ರೈನರ್ "ಫಾರಿನ್ ಮಾಲು, ಡಬ್ಬಿ ಆದ್ರೆ ರೇಟು ಜಾಸ್ತಿ, ಲೂಸ್ ತಗೋ" ಅಂತ ಹೇಳಿ ಪ್ಲಾಸ್ಟಿಕ್ ಕವರ್‌ನಲ್ಲಿ ಪೌಡರ್ ಕಟ್ಟಿಕೊಟ್ಟಿದ್ದಾನೆ. ಮೂರು ಸಾವಿರ ರೂಪಾಯಿ. ಹಬ್ಬದ ಸಮಯದಲ್ಲಿ ನಿದ್ದೆಗೆಟ್ಟು ಬ್ಲೌಸ್ ಹೊಲಿದು ಕೂಡಿಟ್ಟ ದುಡ್ಡು ಅದು. ಕುಡಿಯಲು ಶುರು ಮಾಡಿದ ಮೇಲೆ ಹುಡುಗನಿಗೆ ಹೊಟ್ಟೆ ಕೆಟ್ಟಿತು. ರಾತ್ರಿ ನಿದ್ದೆ ಬರಲ್ಲ, ಎದೆ ಡವಡವ ಅನ್ನುತ್ತೆ ಅಂದ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರೆ, "ಏನು ತಗೊಳ್ತಿದ್ದಾನೆ? ಲೇಬಲ್ ತೋರಿಸಿ" ಅಂದರು. ಯಾವ ಲೇಬಲ್ ತೋರಿಸಲಿ, ಹೇಳಿ? ಕಂಪನಿ ಹೆಸರಿಲ್ಲ. ತಯಾರಾದ ದಿನ ಇಲ್ಲ. ಮಕ್ಕಳು ತಿನ್ನುವ ಚಿಪ್ಸ್ ಪ್ಯಾಕೆಟ್ ಮೇಲೂ ಇರುವ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರ್ ಕೂಡ ಇಲ್ಲ.

ಜಿಮ್‌ಗೆ ಹೋಗಿ ಕೇಳಿದೆ. "ನಿಮಗೆ ಗೊತ್ತಾಗಲ್ಲ ಆಂಟಿ, ಇದಿಲ್ದೆ ಬಾಡಿ ಬರಲ್ಲ" ಅಂದ ಟ್ರೈನರ್. ದೂರು ಕೊಡಲು ಹೋದರೆ ಒಂದು ಕಚೇರಿಯವರು ಇನ್ನೊಂದಕ್ಕೆ ಕಳಿಸಿದರು. ಅಲ್ಲಿ "ತೆರೆದ ಪ್ಯಾಕೆಟ್ ಪರೀಕ್ಷೆಗೆ ತಗೊಳ್ಳಲ್ಲಮ್ಮ" ಅಂದರು. ಅದು ಮಾರುವಾಗಲೇ ತೆರೆದಿದ್ದ ಕವರ್! ನನ್ನ ದೂರೇ ಅದಲ್ವಾ? ಹೇಳಿ ಹೇಳಿ ಸಾಕಾಗಿದೆ ನನಗೆ.

ಪ್ರೋಟೀನ್ ಪೌಡರೇ ವಿಷ ಅಂತ ನಾನು ಹೇಳುತ್ತಿಲ್ಲ. ಹಾಲಿನಿಂದ ತೆಗೆಯುವ ವೇ ಪ್ರೋಟೀನ್ ಒಂದು ಆಹಾರ, ಅಷ್ಟೇ. ಊಟ ಸಾಲದವರಿಗೆ ಅದು ಅನುಕೂಲ. ಆದರೆ ಅದಿಲ್ಲದೆ ಆಗಲ್ಲ ಅನ್ನುವುದು ಸುಳ್ಳು. ಸಾಮಾನ್ಯ ಜನರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ಭಾರ ಎತ್ತುವವರಿಗೆ ಸುಮಾರು 1.6 ಗ್ರಾಂ. ನನ್ನ ಮಗ 60 ಕಿಲೋ, ಅವನಿಗೆ 96 ಗ್ರಾಂ ಬೇಕು. ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಲ್ಲಿ 16, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 26, ಅಷ್ಟೇ ತೂಕದ ಪಾವಗಡದ ಕಡಲೆಕಾಯಿ ಬೀಜದಲ್ಲಿ 12. ಉಳಿದದ್ದು ಹುರುಳಿಕಾಳು ಬಸ್ಸಾರು, ಮುದ್ದೆಯಲ್ಲಿ ಬಂತು. ಈಗ ಇದನ್ನೇ ಮಾಡಿ ಹಾಕುತ್ತಿದ್ದೇನೆ.

ಅಮೈನೋ ಕಥೆ ಇನ್ನೂ ಬೇಸರದ್ದು. ಪ್ರೋಟೀನ್ ಆಗುವುದೇ ಅಮೈನೋ ಆಮ್ಲಗಳು ಸೇರಿ. ಬಿಸಿಎಎ ಅಂತ ಮಾರುವ ಅಮೈನೋ ಪೌಡರಿನಲ್ಲಿ ಇರುವುದು ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್, ಈ ಮೂರೇ. ಊಟದಿಂದಲೇ ಸಿಗಬೇಕಾದ ಅಮೈನೋ ಆಮ್ಲಗಳು ಒಂಬತ್ತು. ಉಳಿದ ಆರಿಲ್ಲದೆ ಮಾಂಸಖಂಡ ಕಟ್ಟಿಕೊಳ್ಳಲ್ಲ. ಮೊಟ್ಟೆ, ಹಾಲಲ್ಲಿ ಒಂಬತ್ತೂ ಇವೆ. ಚೆನ್ನಾಗಿ ಊಟ ಮಾಡುವ ಹುಡುಗ ಸುಮ್ನೆ ಯಾಕೆ ದುಡ್ಡು ಸುರಿಯಬೇಕು?

ಲೇಬಲ್ ಇದ್ದ ಡಬ್ಬಿಗಳನ್ನೂ ಬಿಡಬೇಡಿ. ಕೇರಳದ ವೈದ್ಯರ ತಂಡವೊಂದು 36 ಬಗೆಯ ಪೌಡರ್ ಪರೀಕ್ಷಿಸಿ 2024ರಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ 25ರ ಪ್ರೋಟೀನ್ ಪ್ರಮಾಣ ಲೇಬಲ್‌ಗೆ ತಾಳೆಯಾಗಲಿಲ್ಲ. ಗ್ಲೈಸಿನ್‌ನಂಥ ಅಗ್ಗದ ಅಮೈನೋ ಬೆರೆಸಿದರೆ, ಸಾರಜನಕ ಅಳೆದು ಪ್ರೋಟೀನ್ ಎಷ್ಟಿದೆ ಅಂತ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಅದೂ ಪ್ರೋಟೀನ್ ಲೆಕ್ಕಕ್ಕೇ ಸೇರುತ್ತದೆ. ಅದಕ್ಕೇ ಯಾವ ಅಮೈನೋ ಎಷ್ಟಿದೆ ಅನ್ನುವ ಪರೀಕ್ಷೆಯನ್ನೂ ಮಾಡಿಸಿ.

ನನಗೆ ಇನ್ನೊಂದು ಭಯ ಇದೆ. ಅಂಥ ಪೌಡರ್‌ನಲ್ಲಿ ಸ್ಟೆರಾಯ್ಡ್ ಬೆರೆತಿದ್ದು, ಹುಡುಗ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ನಾಲ್ಕು ವರ್ಷದವರೆಗೆ ನಿಷೇಧ. "ನನಗೆ ಗೊತ್ತಿರಲಿಲ್ಲ" ಅಂದ ಮಾತ್ರಕ್ಕೆ ಡೋಪಿಂಗ್ ತಡೆಯುವ ರಾಷ್ಟ್ರೀಯ ಸಂಸ್ಥೆ ನಾಡಾ ಬಿಡುವುದಿಲ್ಲ. ಕವರ್ ಮಾರಿದವನು ಆರಾಮಾಗಿರುತ್ತಾನೆ, ಹುಡುಗನ ಆಟ ಮುಗಿಯುತ್ತದೆ.

ಕಾನೂನು ತಮಗೆ ಗೊತ್ತಿರುವುದೇ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯಲ್ಲಿ ಮಾದರಿ ತೆಗೆಯುವ ಅಧಿಕಾರ ಇದೆ. ಮಾದರಿ ಕೈಸೇರಿದ 14 ದಿನದೊಳಗೆ ವಿಶ್ಲೇಷಕರು ವರದಿ ಕೊಡಬೇಕು ಅಂತಲೂ ಇದೆ. ತಪ್ಪು ಲೇಬಲ್‌ಗೆ ಮೂರು ಲಕ್ಷದವರೆಗೆ ದಂಡ ಇದೆ. ಇಷ್ಟೆಲ್ಲಾ ಇದ್ದೂ ಹೊಲಿಗೆ ಬಿಟ್ಟು ಕಚೇರಿಯಿಂದ ಕಚೇರಿಗೆ ನಾನ್ಯಾಕೆ ಅಲೆಯಬೇಕು?

ದಯವಿಟ್ಟು ಮಾದರಿ ತೆಗೆಸಿ. ಜಿಮ್‌ಗಳಲ್ಲಿ ಲೂಸ್ ಪೌಡರ್ ಮಾರುವುದನ್ನು ಈ ತಿಂಗಳೇ ನಿಲ್ಲಿಸಿ. ಬಂದ ವರದಿಯನ್ನು ಕಡತದಲ್ಲಿ ಇಡಬೇಡಿ, ಪತ್ರಿಕೆಗಳಿಗೆ ಕೊಡಿ, ಜಿಲ್ಲಾ ಕ್ರೀಡಾಂಗಣದ ನೋಟಿಸ್ ಬೋರ್ಡ್‌ಗೂ ಹಾಕಿಸಿ. ಉಳಿದ ಪೌಡರ್ ಕವರ್ ಸಮೇತ ನನ್ನ ಹತ್ತಿರವೇ ಇದೆ. ಯಾವಾಗ ಕೇಳಿದರೂ ತಂದು ಕೊಡುತ್ತೇನೆ.

ಇತಿ,
ವೇಟ್‌ಲಿಫ್ಟರ್ ಹುಡುಗನ ತಾಯಿ
ತುಮಕೂರು